ಎರಡನೇ ಪಾಳಿಯ ಊಟ

ಕೊಟ್ಟೂರಿನ ಕಾಲೇಜೊಂದರ ಆಫೀಸಿಗೆ ಗುಮಾಸ್ತನಾಗಿ ಸೇರಿದ ಮೊದಲ ದಿನವೇ ಸಂಜೀವ ಮನೆಯಿಂದ ಒಂದು ಸ್ಟೀಲ್ ಲೋಟ ತಂದು ಮೇಜಿನ ಖಾನೆಯಲ್ಲಿ ಇಟ್ಟುಕೊಂಡ. ಸಂಜೆ ಊಟದ ಚೀಲದಲ್ಲಿ ಮನೆಗೆ ಒಯ್ದು ಮರುದಿನ ಮತ್ತೆ ತರುವುದು ರೂಢಿಯಾಯಿತು. ತಾ ಎಂದು ಯಾರೂ ಹೇಳಿರಲಿಲ್ಲ. ಆಫೀಸಿನ ಮೂಲೆಯಲ್ಲಿ ನೀರಿನ ಕ್ಯಾನು, ಅದರ ಪಕ್ಕದ ತಟ್ಟೆಯಲ್ಲಿ ಬೋರಲು ಹಾಕಿದ ಗಾಜಿನ ಲೋಟಗಳು ಇದ್ದವು. ಆ ಲೋಟಕ್ಕೆ ತಾನು ಕೈ ಹಾಕಿದರೆ ಯಾರ ಮುಖ ಹೇಗಾದೀತು ಎಂದು ನೋಡುವ ಪ್ರಸಂಗವೇ ಬರಬಾರದು ಎಂದು ಅವನು ಮೊದಲೇ ನಿಶ್ಚಯಿಸಿದ್ದ. ಯಾರೋ ಒಬ್ಬರು ಕೇಳಿದಾಗ, "ನನಗ ಗಂಟ್ಲು ಸೂಕ್ಷ್ಮ ರೀ, ಬಿಸಿನೀರು ಕುಡಿಯೋನು" ಎಂದ. ಮತ್ತೆ ಯಾರೂ ಕೇಳಲಿಲ್ಲ. ಹಾಗೆ ಕೇಳದೇ ಇದ್ದುದನ್ನೇ ಮರ್ಯಾದೆ ಎಂದುಕೊಂಡು ಅವನು ಬಹಳ ವರ್ಷ ಕಳೆದ.

ಅವನ ಊರು ಹರಪನಹಳ್ಳಿ ಸೀಮೆಯ ಅರಸೀಕೆರೆಯ ಹತ್ತಿರದ ಹಳ್ಳಿ. ಅಪ್ಪ ಗಾದಿಲಿಂಗಪ್ಪ ಕೂಲಿ ಮಾಡುತ್ತಿದ್ದ. ಊರಲ್ಲಿ ಸಾವಾದರೆ ಹಲಗೆ ಬಾರಿಸುತ್ತಿದ್ದ. ಚಹಾದಂಗಡಿಯಲ್ಲಿ ಕೇರಿಯವರ ಗ್ಲಾಸು ಬೇರೆ, ಸೂರಿನ ಸಂದಿಯಲ್ಲಿ ಸಿಕ್ಕಿಸಿರುತ್ತಿತ್ತು. ಅಪ್ಪ ತಾನೇ ಅದನ್ನು ತೆಗೆದು, ತೊಳೆದು, ಕುಡಿದು, ಮತ್ತೆ ತೊಳೆದು ಅಲ್ಲೇ ಸಿಕ್ಕಿಸಿ, ಏನೂ ಆಗದವನಂತೆ ಬೀಡಿ ಹಚ್ಚುತ್ತಿದ್ದ. ಮಗನನ್ನು ಅಪ್ಪನ ಬಡತನಕ್ಕಿಂತ ಆ ನಿರುಮ್ಮಳವೇ ಹೆಚ್ಚು ನೋಯಿಸುತ್ತಿತ್ತು. ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ, ಹರಪನಹಳ್ಳಿಯ ಹಾಸ್ಟೆಲಿನಲ್ಲಿದ್ದು ಓದಿ, ದಾವಣಗೆರೆಯಲ್ಲಿ ಡಿಗ್ರಿ ಮುಗಿಸಿದ. ಅಲ್ಲಿನ ಗೆಳೆಯರ ಜೊತೆ ಬುದ್ಧನ ದಾರಿಗೆ ಬಂದ. ಅದೇ ಬಳಗದವಳಾದ ನಾಗಲಿಂಗಮ್ಮನನ್ನು ಮದುವೆಯಾದ. ಮಗನಿಗೆ ಪ್ರಬುದ್ಧ ಎಂದು ಹೆಸರಿಟ್ಟ. ಹಲಗೆ ಮನೆಯಿಂದ ಹೋಯಿತು, ಗೋಡೆಯ ಮೇಲೆ ಬುದ್ಧನ ಪಟ ಬಂತು.

ಕಾಲೇಜಿನಲ್ಲಿ ಅವನಿಗೆ ಸಿಕ್ಕ ಕೆಲಸ ಬಡ ಮಕ್ಕಳ ವಿದ್ಯಾರ್ಥಿವೇತನದ ವಿಭಾಗ. ಆ ಕೆಲಸವನ್ನು ಅವನು ಪ್ರೀತಿಯಿಂದ ಮಾಡಿದ. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಹೆಸರು ಇರುವ ಮಕ್ಕಳನ್ನು ಗದರಿಸದೆ ಕೂರಿಸಿಕೊಂಡು ಸರಿಮಾಡಿಸಿದ. ಆದಾಯ ಪತ್ರಕ್ಕೆ ಅಲೆದು ಸುಸ್ತಾದ ಅಪ್ಪಂದಿರಿಗಾಗಿ ತಾನೇ ನಾಡಕಚೇರಿಗೆ ಫೋನು ಹಚ್ಚಿದ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಹಳ್ಳಿಗಳಲ್ಲೂ "ಕೊಟ್ಟೂರಾಗ ಸಂಜೀವ ಸರ್ ಅದಾರ, ಅಲ್ಲೇ ಹಚ್ಚು" ಎಂದು ಹೇಳಿ ಮಕ್ಕಳನ್ನು ಕಳಿಸುವವರಿದ್ದರು.

ಒಂದು ವರ್ಷ ಸರ್ಕಾರದಿಂದ ಹೊಸ ಷರತ್ತು ಬಂತು. ಬಡ ವಿದ್ಯಾರ್ಥಿಗಳ ಹೆಸರಿನಲ್ಲಿ ನೆರವು ಪಡೆಯುವ ಪ್ರತಿ ಕಾಲೇಜೂ ತರಗತಿ, ಹಾಸ್ಟೆಲ್, ಊಟದ ಮನೆಯಲ್ಲಿ ಯಾರಿಗೂ ಭೇದ ಮಾಡುವುದಿಲ್ಲವೆಂದು ಒಪ್ಪಿಕೊಳ್ಳಬೇಕು. ಸಮಾನ ಅವಕಾಶ ಘಟಕ ಎಂದು ಒಂದನ್ನು ಕಟ್ಟಬೇಕು. ತಪ್ಪಿದರೆ ಹೊಸದಾಗಿ ನೆರವಿನ ಸೀಟು ಸಿಗುವುದಿಲ್ಲ. ಪ್ರಿನ್ಸಿಪಾಲ್ ಅರುಣಕುಮಾರ್ ಸಂಜೀವನನ್ನು ಕರೆಸಿ ಕೂರಿಸಿದರು. ನಯವಾದ ಮನುಷ್ಯ, ದನಿ ಏರಿಸಿ ಮಾತಾಡಿದವರಲ್ಲ.

"ಘಟಕದ ಕಾರ್ಯದರ್ಶಿ ನೀವಾಗ್ರಿ, ಸಂಜೀವ. ನಿಮ್ಮೋರು ಒಬ್ರು ಇದ್ರ ಛಲೋ ಕಾಣ್ತೈತಿ."

'ನಿಮ್ಮೋರು' ಎಂಬ ಮಾತು ಒಂದು ಕ್ಷಣ ಚುಚ್ಚಿತು. ಆದರೆ ಗೇಟಿನ ಒಳಗೆ ಬೋರ್ಡು ಬರೆಸಿ, ಅದರಲ್ಲಿ ತನ್ನ ಹೆಸರು ಮೂಡಿದಾಗ ಚುಚ್ಚಿದ್ದು ಮರೆತುಹೋಯಿತು. ನಾಗಲಿಂಗಮ್ಮ ಬೋರ್ಡಿನ ಪಕ್ಕ ಗಂಡನನ್ನು ನಿಲ್ಲಿಸಿ ಫೋಟೋ ತೆಗೆದು ಬಂಧುಬಳಗಕ್ಕೆಲ್ಲ ಕಳಿಸಿದಳು.

ಘಟಕಕ್ಕೆ ಒಂದು ದೂರೂ ಬರಲಿಲ್ಲ. ದೂರು ಇಲ್ಲ ಎಂದರೆ ತೊಂದರೆ ಇಲ್ಲ ಎಂದು ಪ್ರಿನ್ಸಿಪಾಲರು ಹೇಳುತ್ತಿದ್ದರು. ಸಂಜೀವನೂ ತಲೆ ಅಲ್ಲಾಡಿಸುತ್ತಿದ್ದ.

ಆದರೆ ಕಾಲೇಜಿನ ಊಟದ ಮನೆಯಲ್ಲಿ ಎರಡು ಪಾಳಿ ನಡೆಯುತ್ತಿತ್ತು. ದುಡ್ಡು ಕಟ್ಟಿದವರದು ಮೊದಲನೆಯದು, ನೆರವಿನ ಮಕ್ಕಳದು ಎರಡನೆಯದು. ಎರಡನೇ ಪಾಳಿಯ ತಟ್ಟೆಗಳ ಅಂಚಿಗೆ ಕೆಂಪು ಬಣ್ಣ ಬಳಿದಿತ್ತು. ಸರ್ಕಾರದ ಲೆಕ್ಕ ಬೇರೆ ಇಡಬೇಕು, ಅದಕ್ಕೆ ಹೀಗೆ ಎಂದು ವಾರ್ಡನ್ ಹೇಳಿದ್ದರು. ಮೊದಲ ಪಾಳಿಯವರು ಎದ್ದು ಹೋಗುವ ತನಕ ಎರಡನೆಯವರು ಹೊರಗಿನ ಕಟ್ಟೆಯ ಮೇಲೆ ಕಾಯುತ್ತಿದ್ದರು. ಇವರ ಸರದಿ ಬರುವ ಹೊತ್ತಿಗೆ ರೊಟ್ಟಿ ಸೆಟೆದಿರುತ್ತಿತ್ತು, ಸಾರಿನಲ್ಲಿ ಬೇಳೆ ತಳ ಸೇರಿರುತ್ತಿತ್ತು. ಸಂಜೀವ ಇದನ್ನು ದಿನವೂ ನೋಡುತ್ತಿದ್ದ. ಲೆಕ್ಕದ ಅನುಕೂಲ ಎಂಬ ಮಾತನ್ನು ತನಗೆ ತಾನೂ ಹೇಳಿಕೊಂಡಿದ್ದ.

ಅದು ಲೆಕ್ಕದ ಮಾತಲ್ಲ ಎಂಬುದನ್ನು ಮೊದಲು ಕಂಡವಳು ಕ್ರಾಂತಿ, ನೀಲಗುಂದದ ಸುಂಕಮ್ಮನ ಮಗಳು, ಬಿಎಸ್ಸಿ ಎರಡನೇ ವರ್ಷದವಳು. ಅವಳ ತರಗತಿಯಲ್ಲಿ ಮೌನೇಶ್ ಎಂಬ ಹುಡುಗನಿದ್ದ, ಬಡಗಿಯ ಮಗ. ಅವನು ಓದುತ್ತಿದ್ದುದೂ ಸರ್ಕಾರದ ನೆರವಿನಲ್ಲೇ. ಆದರೂ ಅವನು ಉಣ್ಣುತ್ತಿದ್ದುದು ಮೊದಲ ಪಾಳಿಯಲ್ಲಿ. ಕಣ್ಣಿಟ್ಟು ನೋಡಿದಾಗ ಅಂಥವರು ಇನ್ನೂ ಕೆಲವರು ಸಿಕ್ಕರು. ಕೊನೆಗೆ ಕಟ್ಟೆಯ ಮೇಲೆ ಕಾಯುವವರಾಗಿ ಉಳಿದದ್ದು ಕೇರಿಯ ಮಕ್ಕಳು ಮಾತ್ರ.

ಷರತ್ತು ಪಾಲನೆಯಾಗುತ್ತಿದೆಯೇ ಎಂದು ನೋಡಲು ಹೊಸಪೇಟೆಯಿಂದ ಒಬ್ಬ ಮಹಿಳಾ ಅಧಿಕಾರಿ ಬರುತ್ತಾರೆಂದು ಮುಂಚೆಯೇ ತಿಳಿಯಿತು. ಆ ದಿನ ಕೆಂಪು ಅಂಚಿನ ತಟ್ಟೆಗಳು ಕಾಣಿಸಲಿಲ್ಲ. ಕೊಠಡಿಯೊಂದರಲ್ಲಿ ಮಕ್ಕಳನ್ನು ಕೂಡಿಸಿದರು. ಅಧಿಕಾರಿ, "ನಿಮಗೆ ಇಲ್ಲಿ ಏನಾದರೂ ತೊಂದರೆ ಇದೆಯಾ?" ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಅವರು ಸಂಜೀವನ ಕಡೆ ತಿರುಗಿದರು.

"ಘಟಕದ ಕಾರ್ಯದರ್ಶಿ ನೀವಲ್ಲವೇ? ಊಟದ ಮನೆಯಲ್ಲಿ ಭೇದ ಏನಾದರೂ?"

ಪ್ರಿನ್ಸಿಪಾಲರು ಕಿಟಕಿಯ ಕಡೆ ನೋಡುತ್ತಿದ್ದರು. ಯಾರೂ ಸಂಜೀವನನ್ನು ಹೆದರಿಸಿರಲಿಲ್ಲ, ಹೀಗೆ ಹೇಳು ಎಂದೂ ಕಲಿಸಿರಲಿಲ್ಲ. ಎಷ್ಟೋ ವರ್ಷದ ರೂಢಿಯಿಂದ ಮಾತು ತಾನಾಗಿ ಬಂತು.

"ಇಲ್ಲ ಮೇಡಂ. ಲೆಕ್ಕದ ಅನುಕೂಲಕ್ಕ ಎರಡು ಪಾಳಿ ಮಾಡ್ಯಾರ, ಅಷ್ಟ."

ಹಿಂದಿನ ಬೆಂಚಿನಿಂದ ಕ್ರಾಂತಿ ಎದ್ದು ನಿಂತಳು. "ಭೇದ ಐತಿ ಮೇಡಂ" ಎಂದಳು. "ನೆರವು ಎಲ್ಲರದೂ ಒಂದ. ಆದ್ರ ಹೊರಗ ಕಾಯೋರು ನಾವ ಮಾತ್ರ. ನಮ್ಮ ತಟ್ಟಿ ಬ್ಯಾರೆ."

ಅರುಣಕುಮಾರ್ ಮೆಲ್ಲಗೆ ನಕ್ಕರು. "ಸಣ್ಣ ಹುಡುಗಿ ಮೇಡಂ. ಹಾಸ್ಟೆಲ್ಲಾಗ ಏನೋ ಜಗಳ ಆಗಿರಬೇಕು."

ಅಧಿಕಾರಿ ಇನ್ನೊಮ್ಮೆ ಸಂಜೀವನನ್ನು ನೋಡಿದರು. ಅವನು ನೆಲ ನೋಡಿದ. "ನಿಮ್ಮ ಪರವಾಗಿ ಇರುವವರೇ ಭೇದ ಇಲ್ಲ ಅಂತಿದಾರಲ್ಲಮ್ಮ" ಎಂದು ಅವರು ಹೇಳಿದ್ದರಲ್ಲಿ ಕೋಪವಿರಲಿಲ್ಲ. ಕ್ರಾಂತಿ ಕೂತಳು. ಪಕ್ಕದ ಹುಡುಗಿಯರು ಅವಳಿಂದ ಸ್ವಲ್ಪ ಸರಿದು ಕೂತದ್ದನ್ನು ಸಂಜೀವ ಕಂಡ.

ಆ ಮಧ್ಯಾಹ್ನ ಪ್ರಿನ್ಸಿಪಾಲರು ಅವನನ್ನು ತಮ್ಮ ಕೊಠಡಿಯಲ್ಲೇ ಊಟಕ್ಕೆ ಕೂರಿಸಿಕೊಂಡರು. ಇಷ್ಟು ವರ್ಷದ ನೌಕರಿಯಲ್ಲೂ ಆಗದ ಉಪಚಾರ. ಎಲ್ಲರಿಗೂ ಬಾಳೆಎಲೆ, ಹೋಳಿಗೆ. ನೀರು ಬಡಿಸುವ ಹೊತ್ತಿಗೆ ಸಂಜೀವ ಮುಜುಗರದಿಂದ ಎದ್ದು ಹೋಗಿ ತನ್ನ ಲೋಟ ತಂದುಕೊಂಡ. ಬಾಗಿಲು ತೆರೆದೇ ಇತ್ತು. ಅದೇ ಹೊತ್ತಿಗೆ ಎದುರಿನ ಕಟ್ಟೆಯ ಮೇಲೆ ಎರಡನೇ ಪಾಳಿಯವರು ಬಂದು ಕೂತಿದ್ದರು. ಅಧಿಕಾರಿಯ ಜೀಪು ಹೋದೊಡನೆ ಎಲ್ಲ ಮೊದಲಿನಂತಾಗಿತ್ತು. ಅವರ ನಡುವೆ ಇದ್ದ ಕ್ರಾಂತಿ ಅವನ ಕೈಯ ಲೋಟವನ್ನು ನೋಡಿದಳು, ಆಮೇಲೆ ಅವನನ್ನು ನೋಡಿದಳು. ಅವನು ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದ.

ಮುಂದಿನ ದಿನಗಳಲ್ಲಿ 'ಸುಳ್ಳಿ' ಎಂಬ ಹೆಸರು ಅವಳಿಗೆ ಅಂಟಿತು. ಕಾರಿಡಾರಿನಲ್ಲಿ ಹುಡುಗರು ಅಂದಾಡುವುದು ಆಫೀಸಿನ ತನಕ ಕೇಳಿಸುತ್ತಿತ್ತು. ಆಮೇಲೆ ಅವಳು ಕಾಣಿಸಲಿಲ್ಲ. ಹಾಜರಿ ಕಡಿಮೆಯಾದವರಿಗೆ ನೆರವು ನಿಲ್ಲುತ್ತಿತ್ತು. ಅವಳ ಹಾಜರಿ ಕುಸಿಯುತ್ತಿರುವುದು ಸಂಜೀವನ ಮೇಜಿಗೇ ಬಂತು. ಎರಡು ಸಲ ಫೋನು ಮಾಡಿದ, ಎತ್ತಲಿಲ್ಲ. ಒಂದು ಭಾನುವಾರ ಹರಪನಹಳ್ಳಿ ಬಸ್ಸು ಹತ್ತಿ, ಅಲ್ಲಿಂದ ನೀಲಗುಂದಕ್ಕೆ ಹೋದ.

ಕೇರಿಯಲ್ಲಿ ಸುಂಕಮ್ಮನ ಮನೆ ಯಾವುದೆಂದು ಕೇಳುವ ಮೊದಲೇ ಸುದ್ದಿ ಮುಟ್ಟಿತ್ತು. ಅವಳು ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು, ಸೆರಗಿನಿಂದ ಒರೆಸಿ, ಅಂಗಳದಲ್ಲಿ ಹಾಕಿದಳು. ಹೊಲದ ಕೂಲಿಯಿಂದ ಒರಟಾದ ಕೈಗಳನ್ನು ಜೋಡಿಸಿ ನಿಂತಳು.

"ಬರ್ರಿ ಸರ, ಕುಂದರ್ರಿ. ನಮ್ಮಂಥೋರ ಮನಿತನಕ ಬಂದೀರಿ. ಅಕಿಗೆ ಜ್ವರ ಬಂದಿತ್ತಂತ, ಅದಕ್ಕ ಕಾಲೇಜಿಗೆ ರಜಾ ಹೇಳೇನಿ ಅಂತಾಳ. ಕೇಳಾಕ ನೀವ ಬಂದ್ರಿ ನೋಡ್ರಿ."

ಮಗಳು ತಾಯಿಗೆ ಏನೂ ಹೇಳಿಲ್ಲ ಎಂದು ಸಂಜೀವನಿಗೆ ಗೊತ್ತಾಯಿತು.

"ಹೆಣ್ಣುಹುಡುಗೀನ ಪರಊರಾಗ ಬಿಟ್ಟೀಯಲ್ಲ, ಧೈರ್ಯ ಹೆಂಗ ಅಂತ ಕೇಳ್ತಾರ ಸರ" ಎಂದು ಸುಂಕಮ್ಮ ಮಾತು ಮುಂದುವರಿಸಿದಳು. "ಅಲ್ಲಿ ನಮ್ಮ ಸಂಜೀವ ಸರ್ ಅದಾರ, ಬೋರ್ಡಿನ ಮ್ಯಾಲೆ ಅವರ ಹೆಸರೈತಿ, ಏನಾದ್ರೂ ಆದ್ರ ಅವರು ಬಿಡಂಗಿಲ್ಲ ಅಂತ ಹೇಳ್ತೀನಿ."

ಅವನಿಗೆ ಕೂತಲ್ಲಿಂದ ಏಳಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಕ್ರಾಂತಿ ಒಳಗಿನಿಂದ ನೀರು ತಂದು ಕೊಟ್ಟಳು. ಮನೆಯವರೆಲ್ಲ ಕುಡಿಯುವ ಲೋಟ. ಕುಡಿದ. ಸುಂಕಮ್ಮ ಉಂಡು ಹೋಗಬೇಕೆಂದು ಹಟ ಹಿಡಿದು ರೊಟ್ಟಿ ತಟ್ಟಿದಳು. ಬಿಸಿ ರೊಟ್ಟಿ, ಮೇಲೆ ಶೇಂಗಾ ಚಟ್ನಿ. ಅವನು ತಲೆ ತಗ್ಗಿಸಿ ತಿಂದ.

ಬಸ್ ಸ್ಟಾಪಿನ ತನಕ ಬಿಟ್ಟು ಬಾ ಎಂದು ತಾಯಿ ಕಳಿಸಿದ್ದಕ್ಕೆ ಕ್ರಾಂತಿ ಅವನ ಜೊತೆ ನಡೆದಳು. ದಾರಿಯಲ್ಲಿ ಅವನೇ ಮಾತು ತೆಗೆದ.

"ಹಾಜರಿ ಹೋದ್ರ ನೆರವು ನಿಂತ್ಹೋಗ್ತೈತಿ ಅವ್ವ. ವಾಪಸ್ ಬಾ. ಹುಡುಗ್ರು ಅಂದದ್ದನ್ನ ಮನಸಿಗೆ ಹಚ್ಚಿಕೋಬ್ಯಾಡ."

"ಹುಡುಗ್ರು ಅಂದದ್ದಕ್ಕ ನಾನು ಬಂದಿಲ್ಲ ಸರ್."

ಅವನು ನಡಿಗೆ ನಿಧಾನ ಮಾಡಿದ.

"ನಿಮ್ಮ ಹತ್ರ ಯಾಕ ಯಾರೂ ದೂರು ತರಲಿಲ್ಲ ಗೊತ್ತೇನು?" ಎಂದು ಅವಳು ಕೇಳಿದಳು. "ನೀವು ಮನಿಯಿಂದ ಲೋಟ ತರೋದು ನಾವೆಲ್ಲ ನೋಡೇವಿ. ಸರ್‌ಗ ಅಲ್ಲಿ ನೀರು ಕೊಡಂಗಿಲ್ಲ, ಇನ್ನ ನಮಗ ಏನು ಮಾಡ್ಯಾರು ಅಂತ ಮಾತಾಡಿಕೊಂಡಿದ್ವಿ. ಪಾಪ ಅನ್ನಿಸ್ತಿತ್ತು ನಮಗ ನಿಮ್ಮನ್ನ ನೋಡಿ."

"ಲೋಟ ತಾ ಅಂತ ನನಗ ಯಾರೂ ಹೇಳಿಲ್ಲ, ಕ್ರಾಂತಿ. ನಾನ ತಂದೆ."

ಅವಳು ನಿಂತು ಅವನ ಮುಖ ನೋಡಿದಳು. ಅಲ್ಲಿಯವರೆಗೆ ಇದ್ದ ಕನಿಕರವೂ ಅವಳ ಕಣ್ಣಿನಿಂದ ಹೋದದ್ದು ಅವನಿಗೆ ಕಂಡಿತು. "ಹೌದಾ ಸರ್" ಎಂದಳು, ಅಷ್ಟೇ.

ಮನೆಗೆ ಬಂದು ನಡೆದದ್ದನ್ನೆಲ್ಲ ನಾಗಲಿಂಗಮ್ಮನಿಗೆ ಹೇಳಿದ. ಅವಳು ಸಮಾಧಾನ ಹೇಳಲಿಲ್ಲ. ಗಂಡನ ಊಟದ ಚೀಲದ ಕಡೆ ನೋಡಿದಳು.

"ದಿನಾ ಸಂಜಿಗೆ ಆ ಲೋಟ ತಿಕ್ಕಿ ಇಡ್ತೀನಿ ನಾನು" ಎಂದಳು. "ಆಫೀಸ್ನಾಗ ಎಲ್ಲಾರೂ ತರ್ತಾರ ಅಂತ ತಿಳ್ಕೊಂಡಿದ್ದೆ. ನನಗ ಒಂದ ಮಾತು ಹೇಳಬೇಕನ್ನಿಸ್ಲಿಲ್ಲೇನು ನಿಮಗ?"

ಅಪ್ಪ ಸೂರಿನಿಂದ ಗ್ಲಾಸು ತೆಗೆಯುತ್ತಿದ್ದುದು ಬೇರೆ ದಾರಿ ಇಲ್ಲದೆ. ಗಾಜಿನ ಲೋಟ ಎದುರಿಗೇ ಇದ್ದರೂ ತಾನು ಮುಟ್ಟಲಿಲ್ಲ. ಅಪ್ಪನ ನಿರುಮ್ಮಳಕ್ಕೆ ನಾಚಿಕೊಂಡಿದ್ದ ಮಗ ಅಪ್ಪನಿಗಿಂತ ಮುಂದೆ ಹೋಗಿದ್ದ. ಇದನ್ನು ಅವನು ಹೆಂಡತಿಗೆ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಅವಳ ಮುಖದಲ್ಲೇ ಎಲ್ಲ ಇತ್ತು.

ಮರುದಿನ ಸಂಜೀವ ರಜೆ ಹಾಕಿ ಹೊಸಪೇಟೆಗೆ ಹೋದ. ಅಧಿಕಾರಿ ಅವನ ಗುರುತು ಹಿಡಿದರು.

"ಮೇಡಂ, ಅವತ್ತು ಆ ಹುಡುಗಿ ಹೇಳಿದ್ದು ಖರೆ. ನಾನು ಹೇಳಿದ್ದು ಸುಳ್ಳು."

ಅವರು ಪೆನ್ನು ಕೆಳಗಿಟ್ಟರು. "ಯಾರಾದರೂ ಒತ್ತಾಯ ಮಾಡಿದ್ದರಾ?"

ಹೌದು ಎಂದರೆ ಸಾಕಿತ್ತು, ಅರ್ಧ ಭಾರ ಇಳಿಯುತ್ತಿತ್ತು. "ಇಲ್ಲ ಮೇಡಂ. ನಾನಾಗೇ ಹೇಳಿದೆ" ಎಂದ.

"ಎಷ್ಟು ಮಕ್ಕಳ ಎದುರಿಗೆ ಆ ಹುಡುಗಿಯನ್ನು ಕೂರಿಸಿಬಿಟ್ಟೆವಲ್ರೀ ನಾವಿಬ್ಬರೂ" ಎಂದರು ಅವರು. ಅವನಿಗೆ ಬೈದಿದ್ದರೆ ಚೆನ್ನಾಗಿತ್ತು ಎನಿಸಿತು. ಆಮೇಲೆ ಅವರು ಎಚ್ಚರಿಕೆಯನ್ನೂ ಕೊಟ್ಟರು: ಇದು ಸಾಬೀತಾದರೆ ಕಾಲೇಜಿಗೆ ಹೊಸ ನೆರವಿನ ಸೀಟು ನಿಲ್ಲಬಹುದು, ಮುಂದೆ ಬರುವ ಬಡ ಮಕ್ಕಳಿಗೂ ಪೆಟ್ಟು. ಈಗ ಓದುತ್ತಿರುವವರಿಗೆ ಏನೂ ಆಗಬಾರದು ಎಂದು ಸಂಜೀವ ಕೇಳಿಕೊಂಡ. ಅದಕ್ಕೆ ನಿಯಮದಲ್ಲಿ ಅವಕಾಶವಿದೆ, ಮೊದಲು ತಿದ್ದಿಕೊಳ್ಳಲು ಗಡುವು ಕೊಡುತ್ತೇವೆ ಎಂದರು.

ಹೊರಟ ಸಂಜೀವ ಕ್ರಾಂತಿಗೆ ಒಂದು ಸಂದೇಶ ಕಳಿಸಿದ: ಹೊಸಪೇಟೆಗೆ ಹೋಗಿದ್ದೆ, ಸುಳ್ಳು ಹೇಳಿದವನು ನಾನು ಎಂದು ಹೇಳಿ ಬಂದಿದ್ದೇನೆ. ಉತ್ತರ ಬರಲಿಲ್ಲ. ಆ ವಾರ ಅವಳು ಕಾಲೇಜಿಗೆ ಬಂದಳು.

ಅಧಿಕಾರಿ ಮುಂದಿನ ಸಲ ತಿಳಿಸದೆ ಬಂದರು, ಅದೂ ಊಟದ ಹೊತ್ತಿಗೆ. ಜೀಪನ್ನು ರೈಲ್ವೆ ಗೇಟಿನ ಹತ್ತಿರವೇ ನಿಲ್ಲಿಸಿ ನಡೆದು ಬಂದಿದ್ದರು. ಒಳಗೆ ಮೊದಲ ಪಾಳಿ, ಹೊರಗೆ ಕಟ್ಟೆ, ಕಿಟಕಿಯ ಬಳಿ ಕೆಂಪು ಅಂಚಿನ ತಟ್ಟೆಗಳ ಸಾಲು. ವಾರ್ಡನ್ ಲೆಕ್ಕದ ಮಾತು ತೆಗೆದಾಗ ಒಳಗೆ ಉಣ್ಣುತ್ತಿದ್ದ ಮೌನೇಶ್ ಕೈ ತೊಳೆಯದೆಯೇ ಎದ್ದ.

"ನಂದೂ ಸರ್ಕಾರದ ನೆರವೇ ಮೇಡಂ. ನೀನು ಇಲ್ಲೇ ಕುಂದ್ರು ಅಂತ ವಾರ್ಡನ್ ಸರ್ ಹೇಳಿದ್ರು. ನಾನು ಕುಂತೆ" ಎಂದ. ಕಿವಿ ಕೆಂಪಾಗಿದ್ದವು.

ಕಾಲೇಜಿಗೆ ನೋಟಿಸು ಬಂತು. ಗಡುವಿನೊಳಗೆ ಪಾಳಿಗಳು ಹೋದವು, ತಟ್ಟೆಗಳನ್ನು ಬದಲಿಸಿದರು, ವಾರ್ಡನ್ ಬದಲಾದರು. ಕೆಲವು ಹುಡುಗರು ಹಾಸ್ಟೆಲ್ ಊಟ ಬಿಟ್ಟು ಪೇಟೆಯ ಖಾನಾವಳಿಗೆ ಹೋದರು. ಪರೀಕ್ಷೆ ಹತ್ತಿರ ಬಂದಾಗ ಒಬ್ಬೊಬ್ಬರೇ ವಾಪಸು ಬಂದರು. ನೆರವಿನ ಸೀಟು ಉಳಿಯಿತು.

ಸಂಜೀವ ಮನೆಯಿಂದ ಲೋಟ ತರುವುದನ್ನು ಬಿಟ್ಟ. ತಟ್ಟೆಯ ಮೇಲಿನ ಗಾಜಿನ ಲೋಟದಲ್ಲಿ ಕ್ಯಾನಿನ ನೀರು ಹಿಡಿದು, ನಿಂತಲ್ಲೇ ಕುಡಿದು, ತೊಳೆದು ಇಟ್ಟ. ಯಾರೂ ಏನೂ ಅನ್ನಲಿಲ್ಲ. ಕೆಲವು ದಿನಗಳಲ್ಲಿ ಗಾಜಿನ ಲೋಟಗಳು ಮಾಯವಾಗಿ ಆ ಜಾಗಕ್ಕೆ ಕಾಗದದ ಲೋಟಗಳು ಬಂದವು. ಎಲ್ಲರಿಗೂ ಕಾಗದದ್ದೇ. ಶುಚಿತ್ವಕ್ಕೆ ಎಂದರು. ಇಷ್ಟು ವರ್ಷ ನೋಡುವುದು ಬೇಡವೆಂದು ತಪ್ಪಿಸಿಕೊಂಡಿದ್ದ ಮುಖವನ್ನು ಅವನು ಈಗ ನೋಡಿದಂತಾಯಿತು. ಒಂದು ಕಾಗದದ ಲೋಟ ತೆಗೆದುಕೊಂಡು ನೀರು ಕುಡಿದ.

ಬೋರ್ಡಿನಲ್ಲಿ ಅವನ ಹೆಸರಿನ ಮೇಲೆ ಬಣ್ಣ ಬಳಿದು ಬೇರೆಯವರ ಹೆಸರು ಬರೆಸಿದರು. ಅರುಣಕುಮಾರ್ ನಯವಾಗಿಯೇ ಕರೆದು, "ಹಳೇ ದಾಖಲೆಗಳ ಕೋಣೆ ನೋಡ್ಕೊಳ್ರಿ, ಅಲ್ಲಿ ನಿಮಗ ತ್ರಾಸ ಕಡಿಮಿ" ಎಂದರು. ಮಕ್ಕಳು ಬಾರದ, ಕಿಟಕಿ ಇಲ್ಲದ ಕೋಣೆ. ಅವನಿಗೆ ವಾದ ಮಾಡಬೇಕೆನಿಸಲಿಲ್ಲ. ಮಕ್ಕಳು ಬರುತ್ತಿಲ್ಲ ಎಂಬುದೊಂದೇ ನೋವು. ಕೆಲವರು ಅವನನ್ನು ಧೈರ್ಯಸ್ಥ ಎಂದು ಹೊಗಳಿದರು. ಆ ಮಾತು ಬಂದಾಗಲೆಲ್ಲ, ಹಿಂದಿನ ಬೆಂಚಿನಲ್ಲಿ ಎದ್ದು ನಿಂತ ಹುಡುಗಿ ಮತ್ತೆ ಕೂತದ್ದು ಕಣ್ಣಿಗೆ ಕಟ್ಟುತ್ತಿತ್ತು. ಕ್ರಾಂತಿ ಎದುರಾದಾಗ ನಮಸ್ಕಾರ ಹೇಳುತ್ತಿದ್ದಳು, ಎಲ್ಲರಿಗೂ ಹೇಳುವಷ್ಟೇ. ಘಟಕದ ವಿದ್ಯಾರ್ಥಿ ಸದಸ್ಯೆಯಾಗಿ ಅವಳನ್ನು ಆರಿಸಿದ್ದರು. ಅವಳು ಅವನನ್ನು ಯಾವುದಕ್ಕೂ ಕೇಳಲು ಬರಲಿಲ್ಲ.

ಶೇಂಗಾ ಸುಗ್ಗಿಯ ಹೊತ್ತಿಗೆ ಒಂದು ದಿನ ಸುಂಕಮ್ಮ ಕಾಲೇಜಿಗೆ ಬಂದಳು. ಕೇಳುತ್ತಾ ಕೇಳುತ್ತಾ ದಾಖಲೆಗಳ ಕೋಣೆಯನ್ನು ಹುಡುಕಿಕೊಂಡು ಬಂದಿದ್ದಳು. ತಲೆಯ ಮೇಲಿನ ಹಸಿ ಶೇಂಗಾ ಗಂಟನ್ನು ಬಾಗಿಲಲ್ಲಿ ಇಳಿಸಿದಳು.

"ಇಷ್ಟು ಮೂಲ್ಯಾಗ ಯಾಕ ಕುಂದ್ರಿಸ್ಯಾರ ಸರ ನಿಮ್ಮನ್ನ? ಅಕಿ ಪರೀಕ್ಷಿ ಪಾಸಾಗ್ಯಾಳ. ನಿಮ್ಮಿಂದ ಆಗಿದ್ದು. ಅದಕ್ಕ ಒಂದಿಷ್ಟು ತಂದೆ."

ಸಂಜೀವ ಎದ್ದು ತನ್ನ ಕುರ್ಚಿಯನ್ನು ಅವಳಿಗೆ ಕೊಟ್ಟ. ಅವಳು ಕೂರಲಿಲ್ಲ. ಅವನು ನಿಂತುಕೊಂಡೇ ಹೇಳಿದ. ಅಧಿಕಾರಿ ಬಂದ ದಿನ ಕ್ರಾಂತಿ ಎದ್ದು ನಿಂತದ್ದು, ತಾನು ಇಲ್ಲ ಎಂದದ್ದು, ಅವಳಿಗೆ ಜ್ವರ ಬಂದಿರಲಿಲ್ಲವೆಂಬುದು. ಯಾವುದನ್ನೂ ಮೆತ್ತಗೆ ಮಾಡಿ ಹೇಳಲಿಲ್ಲ. ಆಮೇಲೆ ಹೊಸಪೇಟೆಗೆ ಹೋದದ್ದನ್ನು ಮಾತ್ರ ಹೇಳದೆ ಬಿಟ್ಟ.

ಸುಂಕಮ್ಮ ಸೆರಗಿನಿಂದ ಬೆವರು ಒರೆಸಿಕೊಂಡಳು. "ಅಕಿ ನನಗ ಏನೂ ಹೇಳ್ಲಿಲ್ಲ ನೋಡ್ರಿ" ಎಂದಳು. ಆಮೇಲೆ, "ನಮ್ಮನಿಗೆ ಬಂದಾಗ ಹೇಳಬೇಕಿತ್ತು ನೀವು. ರೊಟ್ಟಿ ಉಣ್ಣಾಕಿಂತ ಮೊದ್ಲ" ಎಂದಳು.

"ಹೌದವ್ವ. ಹೇಳಬೇಕಿತ್ತು."

ಅವಳು ಗಂಟಿನ ಕಡೆ ನೋಡಿದಳು. ಅದನ್ನು ಎತ್ತಿಕೊಂಡು ಹೋಗುತ್ತಾಳೆ ಎಂದು ಸಂಜೀವ ತಿಳಿದ. ಹೋಗಲಿ ಎಂದೂ ಅಂದುಕೊಂಡ.

"ಹೊತ್ತು ತಂದೀನಿ, ವಾಪಸ್ ಹೊರಾಕ ಆಗಂಗಿಲ್ಲ. ನೆಳ್ಳಾಗ ಒಣಗಿಸ್ರಿ, ಇಲ್ಲಾಂದ್ರ ಬೂಸ್ಟು ಹಿಡಿತೈತಿ" ಎಂದು ಹೇಳಿ, ಗಂಟು ಬಿಚ್ಚಿ ಶೇಂಗಾವನ್ನು ಹಳೆಯ ಪೇಪರಿನ ಮೇಲೆ ಸುರಿದು, ಬಟ್ಟೆ ಕೊಡವಿ ಮಡಚಿಕೊಂಡಳು. ಆಮೇಲೆ ಮಗಳ ತರಗತಿ ಯಾವ ಕಡೆ ಎಂದು ಕೇಳಿದಳು. ಅವನು ತೋರಿಸಿದ. ಅವಳು ಹಿಂದಿರುಗಿ ನೋಡದೆ ಅಂಗಳ ದಾಟಿ ಹೋದಳು.